ವೃಷಭಾವತಿಯ ಹೂಳಿನಲ್ಲಿ ಭಾರಲೋಹ: ಹಿನ್ನೆಲೆ ಮಟ್ಟದ ಹುಡುಕಾಟ

ಬಸವನಗುಡಿಯ ದೊಡ್ಡ ಬಸವಣ್ಣನ ಬಳಿ ಹುಟ್ಟುವುದೆಂದು ಪ್ರತೀತಿಯಿರುವ ವೃಷಭಾವತಿಯು ಮೈಸೂರು ರಸ್ತೆಯ ಪಕ್ಕದಲ್ಲಿ ಹರಿದು, ಕೆಂಗೇರಿಯನ್ನು ದಾಟಿ, ಬಿಡದಿ ಸಮೀಪದ ಬೈರಮಂಗಲ ಕೆರೆಯ ಮೂಲಕ ಅರ್ಕಾವತಿಯನ್ನು ಸೇರುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಭಾಗದ ನೀರೂ ಇದೇ ಕಣಿವೆಗೆ ಇಳಿಯುವುದರಿಂದ, ಎಲೆಕ್ಟ್ರೋಪ್ಲೇಟಿಂಗ್‌ನಲ್ಲಿ ಬಳಕೆಯಾಗುವ ಕ್ರೋಮಿಯಂ, ನಿಕಲ್ ಮತ್ತು ಸತು ಹೂಳಿನಲ್ಲಿ ಎಲ್ಲಿ, ಎಷ್ಟು ನಿಂತಿವೆ ಎಂಬ ನಕ್ಷೆಯನ್ನು ಸಿದ್ಧಪಡಿಸುವುದೇ ನನ್ನ ಹವ್ಯಾಸದ ಈ ಯೋಜನೆಯ ಉದ್ದೇಶ.

ಹೊಳೆಯ ಹೂಳಿನ ಮಾದರಿಗಳ ಸಂಗ್ರಹ ಮುಗಿದಿದೆ. ಸ್ಟೀಲ್ ಚಮಚದಿಂದ ಕ್ರೋಮಿಯಂ ಮತ್ತು ನಿಕಲ್, ಹಿತ್ತಾಳೆ ಜರಡಿಯಿಂದ ತಾಮ್ರ ಮತ್ತು ಸತು ಮಾದರಿಗೆ ಸೇರಬಹುದಾದ್ದರಿಂದ, ಪ್ಲಾಸ್ಟಿಕ್ ಚಮಚ ಮತ್ತು ನೈಲಾನ್ ಜರಡಿಯನ್ನು ಮಾತ್ರ ಬಳಸಿದ್ದೇನೆ. ನೆರಳಿನಲ್ಲಿ ಒಣಗಿಸಿದ ಹೂಳನ್ನು ಜರಡಿ ಹಿಡಿದು, 63 ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನಷ್ಟೇ ಪ್ರಯೋಗಾಲಯಕ್ಕೆ ಕೊಟ್ಟಿದ್ದೇನೆ. ಲೋಹ ಹೆಚ್ಚಾಗಿ ಅಂಟಿಕೊಳ್ಳುವುದು ಈ ಸಣ್ಣ ಕಣಗಳಿಗೇ.

ಅಂಕಿಗಳು ಬರುವ ಮೊದಲೇ ತೀರ್ಮಾನವಾಗಬೇಕಾದ ಪ್ರಶ್ನೆಯೊಂದಿದೆ: ಹಿನ್ನೆಲೆ ಮಟ್ಟ, ಅಂದರೆ ಮಾಲಿನ್ಯವಿಲ್ಲದಿದ್ದರೂ ಸಹಜವಾಗಿ ಇರುವ ಲೋಹದ ಪ್ರಮಾಣ, ಎಷ್ಟೆಂದು ಹಿಡಿಯಬೇಕು? ಹೂಳಿನ ಮಾಲಿನ್ಯದ ತೀವ್ರತೆಯನ್ನು ಅಳೆಯಲು ವಿಜ್ಞಾನಿ ಮುಲ್ಲರ್ 1969ರಲ್ಲಿ ರೂಪಿಸಿದ ಭೂಸಂಚಯ ಸೂಚ್ಯಂಕದಲ್ಲಿ, ಮಾದರಿಯ ಪ್ರಮಾಣವನ್ನು ಹಿನ್ನೆಲೆ ಮಟ್ಟದ ಒಂದೂವರೆ ಪಟ್ಟಿನಿಂದ ಭಾಗಿಸಿ, ಅದರ ಆಧಾರ 2ರ ಲಾಗರಿದಂ ತೆಗೆಯುತ್ತಾರೆ. ಹಿನ್ನೆಲೆಯಾಗಿ ಹಲವರು ಶೇಲ್ ಶಿಲೆಯ (ಜೇಡಿ ಗಟ್ಟಿಯಾಗಿ ಆದ ಪದರಶಿಲೆ) ಜಾಗತಿಕ ಸರಾಸರಿಯನ್ನೇ ಬಳಸಿಬಿಡುತ್ತಾರೆ. ಅದರ ಪ್ರಕಾರ ಸೀಸ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಭಾಗ), ಸತು 95, ಕ್ರೋಮಿಯಂ 90. ಮಾದರಿಯೊಂದರಲ್ಲಿ 60 ಪಿಪಿಎಂ ಸೀಸವಿದೆ ಎಂದುಕೊಂಡರೆ ಸೂಚ್ಯಂಕ 1 ಆಗುತ್ತದೆ. ಸ್ಥಳೀಯ ಹಿನ್ನೆಲೆ 10 ಆಗಿದ್ದಲ್ಲಿ ಅದೇ ಮಾದರಿಗೆ 2 ಬರುತ್ತದೆ. ಬೆಂಗಳೂರಿನ ತಳದಲ್ಲಿರುವುದು ಬಹುಮಟ್ಟಿಗೆ ನೈಸ್ ಎಂಬ ರೂಪಾಂತರ ಶಿಲೆಯಾಗಿರುವಾಗ ಶೇಲ್‌ನ ಅಂಕಿಯನ್ನು ಆಧಾರವಾಗಿಟ್ಟುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಬಿಡದಿಯ ಕಡೆಗೆ ಹೋದಂತೆ ತೊಡಕು ಇನ್ನೂ ಹೆಚ್ಚುತ್ತದೆ. ಬಿಡದಿ–ಹಾರೋಹಳ್ಳಿ ಸೀಮೆಯಲ್ಲಿ ನೈಸ್ ಶಿಲೆಯನ್ನು ಸೀಳಿಕೊಂಡು ಡೊಲೆರೈಟ್ ಡೈಕ್‌ಗಳು (ಬಿರುಕುಗಳಿಗೆ ನುಗ್ಗಿದ ಶಿಲಾರಸ ಗಟ್ಟಿಯಾಗಿ ಆದ ಕಪ್ಪು ಶಿಲೆಯ ಪಟ್ಟಿಗಳು) ಹಾದುಹೋಗಿವೆ. ನೈಸ್‌ಗೆ ಹೋಲಿಸಿದರೆ ಇಂತಹ ಕಪ್ಪು ಶಿಲೆಗಳಲ್ಲಿ ತಾಮ್ರ ಮತ್ತು ನಿಕಲ್ ಸಹಜವಾಗಿಯೇ ಹೆಚ್ಚು. ಆದ್ದರಿಂದ ಬೈರಮಂಗಲದ ಸುತ್ತ ನಿಕಲ್ ಏರಿದ್ದನ್ನು ಕಂಡಕೂಡಲೇ ಕಾರ್ಖಾನೆಗಳತ್ತ ಬೆರಳು ತೋರಿಸುವಂತಿಲ್ಲ. ಹಾಗೆಂದು ಎಲ್ಲವನ್ನೂ ಬಂಡೆಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವಂತೆಯೂ ಇಲ್ಲ.

ಈ ಕಾರಣಕ್ಕೆ ಕೆರೆಯ ನೀರು ಹಾಯದ ಹೊಲಗಳಲ್ಲಿ, ಡೈಕ್ ಇರುವ ಮತ್ತು ಇಲ್ಲದ ಕಡೆಗಳೆರಡರಲ್ಲಿಯೂ, ಮೇಲ್ಮಣ್ಣಿನ ಕೆಳಗಿನ ಪದರದಿಂದ ಹಿನ್ನೆಲೆ ಮಾದರಿಗಳನ್ನು ತೆಗೆಯಲು ಆರಂಭಿಸಿದ್ದೇನೆ. ಸೀಸ ಮಣ್ಣಿನಲ್ಲಿ ಕೆಳಕ್ಕೆ ಸರಿಯುವುದು ಬಹಳ ನಿಧಾನ. 2000ದಲ್ಲಿ ದೇಶದಾದ್ಯಂತ ನಿಂತುಹೋದ ಸೀಸದ ಪೆಟ್ರೋಲಿನ ಉಳಿಕೆಯನ್ನು ರಸ್ತೆ ಬದಿಯ ಮೇಲ್ಮಣ್ಣಿನಲ್ಲಿಯೇ ನಿರೀಕ್ಷಿಸಬೇಕು. ಹಿನ್ನೆಲೆ ಮಾದರಿಗಳನ್ನೂ ಹೂಳಿನಂತೆಯೇ ಆಕ್ವಾ ರೇಜಿಯಾದಲ್ಲಿ ಕರಗಿಸಲು ಕೇಳಿಕೊಂಡಿದ್ದೇನೆ. ಈ ಆಮ್ಲಮಿಶ್ರಣವು ಕ್ರೋಮೈಟ್‌ನಂತಹ ಖನಿಜಗಳನ್ನು ಪೂರ್ತಿಯಾಗಿ ಕರಗಿಸುವುದಿಲ್ಲವಾದ್ದರಿಂದ, ವಿಧಾನ ಬೇರೆಯಾದರೆ ಹೋಲಿಕೆಗೆ ಅರ್ಥವಿರುವುದಿಲ್ಲ.

ಅದರ ನಂತರದ ಸರದಿ ಕೆರೆಯ ಗೋಡಿನದು. ಹೊಲಕ್ಕೆ ಗೋಡು ಹೊಡೆಸುವ ವಾಡಿಕೆ ಹಳೆಯದು. ಅಲ್ಲಿ ಒಟ್ಟು ಲೋಹಕ್ಕಿಂತ ಸೊಪ್ಪು ತರಕಾರಿ ಹೀರಿಕೊಳ್ಳಬಲ್ಲ ಪಾಲು, ಮುಖ್ಯವಾಗಿ ಕ್ಯಾಡ್ಮಿಯಂನದು, ಎಷ್ಟೆಂಬುದನ್ನು ತಿಳಿಯಬೇಕಾಗಿದೆ. ಅದಕ್ಕೆ ಲೋಹವನ್ನು ಹಂತಹಂತವಾಗಿ ಬಿಡಿಸಿ ಅಳೆಯುವ ಪರೀಕ್ಷೆಯನ್ನು ಬೇರೆಯಾಗಿಯೇ ಮಾಡಿಸಬೇಕು.