ಒಂದೇ ಫೋನು, ಇಬ್ಬರು ಮಕ್ಕಳು: ಕೊರೊನಾ ಕಾಲದ ಒಂದು ವಾರ ಹೇಗೆ ಸಾಗುತ್ತಿತ್ತು?

ಕೊರೊನಾ ಕಾಲದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ: “ಹೈಸ್ಕೂಲು, ಪಿಯುಸಿ ಓದುವ ಮಕ್ಕಳು ದಿನವಿಡೀ ಮನೆಯಲ್ಲಿ, ಮನೆಗೆಲ್ಲ ಇದ್ದದ್ದು ಒಂದೇ ಸ್ಮಾರ್ಟ್‌ಫೋನು. ವಾರ ಹೇಗೆ ಕಳೆಯುತ್ತಿತ್ತು?” ಗೋಡೆಗೆ ಅಂಟಿಸಿದ ವೇಳಾಪಟ್ಟಿಯಿಂದಂತೂ ಅಲ್ಲ. ಫೋನಿನ ಪಾಳಿಯನ್ನು ಹಿಂದಿನ ರಾತ್ರಿಯೇ ತೀರ್ಮಾನಿಸಿಕೊಂಡ ಮನೆಗಳು ಉಸಿರಾಡಿದವು, ಉಳಿದ ಮನೆಗಳಲ್ಲಿ ದಿನ ಶುರುವಾಗುತ್ತಿದ್ದದ್ದೇ ಜಗಳದಿಂದ.

2021ರ ಜೂನ್-ಜುಲೈ ತಿಂಗಳನ್ನೇ ತೆಗೆದುಕೊಳ್ಳೋಣ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ತಮ್ಮನಿಗೆ ಎಸ್‌ಎಸ್‌ಎಲ್‌ಸಿ. ಪರೀಕ್ಷೆ ಜುಲೈ 19 ಮತ್ತು 22ರಂದು, ಎರಡೇ ದಿನ, ಎಲ್ಲವೂ ಬಹು ಆಯ್ಕೆಯ ಪ್ರಶ್ನೆ. ಅಕ್ಕನದು ದ್ವಿತೀಯ ಪಿಯುಸಿ. ಅವಳ ಪರೀಕ್ಷೆ ಜೂನ್ ಮೊದಲ ವಾರದಲ್ಲಿ ರದ್ದಾಗಿತ್ತು. ಎಸ್‌ಎಸ್‌ಎಲ್‌ಸಿಯ ಶೇ 45, ಪ್ರಥಮ ಪಿಯುಸಿಯ ಶೇ 45, ಆಂತರಿಕ ಮೌಲ್ಯಮಾಪನದ ಶೇ 10 ಸೇರಿಸಿ ಅಂಕ ಕೊಡುವುದೆಂದಾಯಿತು. ಹಾಗೆಂದು ಅವಳಿಗೆ ಬಿಡುವೇನೂ ಸಿಗಲಿಲ್ಲ. ಆ ವರ್ಷ ಸಿಇಟಿ ರ‍್ಯಾಂಕಿಗೆ ಸಿಇಟಿ ಅಂಕವನ್ನಷ್ಟೇ ಲೆಕ್ಕ ಹಿಡಿದರು, ಆ ಪರೀಕ್ಷೆ ಆಗಸ್ಟ್ 28 ಮತ್ತು 29ಕ್ಕೆ. ಒಂದೇ ಮನೆಯಲ್ಲಿ ಎರಡು ದೊಡ್ಡ ಪರೀಕ್ಷೆ, ಇಬ್ಬರಿಗೂ ಬೇಕಾದದ್ದು ಅಪ್ಪನ ಫೋನು.

ಸರಿಹೋಗುತ್ತಿದ್ದ ಪಾಳಿ ಸುಮಾರಾಗಿ ಹೀಗಿರುತ್ತಿತ್ತು. ಬೆಳಗ್ಗೆ ಐದೂವರೆಯಿಂದ ಏಳರವರೆಗೆ ಅಕ್ಕನದು, ಆ ಹೊತ್ತಿಗೆ ಟವರಿನ ಮೇಲೆ ಹೊರೆ ಕಡಿಮೆ. ಹತ್ತರಿಂದ ಹನ್ನೆರಡು ತಮ್ಮನ ಶಾಲೆಯವರ ಪುನರಾವರ್ತನೆ ತರಗತಿ. ಹನ್ನೆರಡರಿಂದ ಒಂದರವರೆಗೆ ಯಾರೂ ಮುಟ್ಟುವಂತಿಲ್ಲ, ಫೋನು ಚಾರ್ಜಿಗೆ. ಮಧ್ಯಾಹ್ನ ಅಪ್ಪನಿಗೆ. ರಾತ್ರಿ ಏಳೂವರೆಯಿಂದ ಒಂಬತ್ತರವರೆಗೆ ಇಬ್ಬರೂ ಸಂದೇಹ ಕೇಳಿಕೊಳ್ಳುವುದು. ಒಂಬತ್ತರ ನಂತರ ಫೋನು ನಡುಮನೆಯಲ್ಲಿ, ಮಲಗುವ ಕೋಣೆಗೆ ಒಯ್ಯುವಂತಿಲ್ಲ. ಮನೆಗೆ ಬರುವ ಕರೆಗಳಿಗೆಲ್ಲ ಹಳೆಯ ಬಟನ್ ಫೋನಿನ ನಂಬರು ಕೊಟ್ಟುಬಿಡುವುದು ಬಹಳ ಮುಖ್ಯ. ತರಗತಿಯ ನಡುವೆ ದೊಡ್ಡಪ್ಪನ ಕರೆ ಬಂದರೆ ಪಾಠ ನಿಂತುಹೋಗುತ್ತದೆ, ಮತ್ತೆ ಒಳಗೆ ಹೋಗುವಷ್ಟರಲ್ಲಿ ಮೇಷ್ಟ್ರು ಮುಂದಿನ ಲೆಕ್ಕಕ್ಕೆ ಹೋಗಿರುತ್ತಾರೆ.

ಡೇಟಾ ಲೆಕ್ಕ ತಿಳಿಯದೆ ಪಾಳಿ ಮಾಡಿದರೆ ಮಧ್ಯಾಹ್ನಕ್ಕೇ ಎಲ್ಲ ಕುಸಿಯುತ್ತಿತ್ತು. ಹೆಚ್ಚಿನವರು ಹಾಕಿಸುತ್ತಿದ್ದದ್ದು ದಿನಕ್ಕೆ ಒಂದೂವರೆ ಜಿಬಿಯ ಪ್ಲಾನು. ವಿಡಿಯೊ ತೆರೆದಿಟ್ಟ ತರಗತಿ ಗಂಟೆಗೆ ಅರ್ಧದಿಂದ ಒಂದು ಜಿಬಿವರೆಗೂ ತಿನ್ನುತ್ತದೆ, ಬರೀ ಧ್ವನಿಯಾದರೆ ಅದರ ಹತ್ತನೇ ಒಂದು ಪಾಲೂ ಬೇಕಿಲ್ಲ. ಆದ್ದರಿಂದ ಮಗುವಿನ ಕ್ಯಾಮೆರಾ ಬಂದ್, ಮೇಷ್ಟ್ರು ಬೋರ್ಡು ತೋರಿಸುವಾಗ ಮಾತ್ರ ಅವರ ವಿಡಿಯೊ. ರೆಕಾರ್ಡ್ ಆದ ಪಾಠವನ್ನು 360ಪಿಯಲ್ಲಿ ಇಳಿಸಿಕೊಂಡರೆ ಬೋರ್ಡಿನ ಅಕ್ಷರ ಕಾಣುತ್ತದೆ. 144ಪಿಯಲ್ಲಿ ವರ್ಗ ಯಾವುದು, ಘನ ಯಾವುದು ಗೊತ್ತಾಗುವುದಿಲ್ಲ. ಆ್ಯಪ್‌ಗಳ ತಾನೇ ಆಗುವ ಅಪ್‌ಡೇಟು, ವಾಟ್ಸ್‌ಆ್ಯಪಿನ ತಾನೇ ಇಳಿಯುವ ವಿಡಿಯೊ ಎರಡನ್ನೂ ಮೊದಲು ನಿಲ್ಲಿಸಬೇಕು. ಬಂಧುಬಳಗದ ಗ್ರೂಪಿನ ಶುಭೋದಯಗಳು ಎಷ್ಟೋ ಮನೆಯ ವಿಜ್ಞಾನ ಪಾಠವನ್ನು ನುಂಗಿವೆ. ದಿನದ ಕೋಟಾ ಮಧ್ಯರಾತ್ರಿ ಹೊಸದಾಗುತ್ತದೆ. ಅದಕ್ಕಾಗಿ ಹನ್ನೆರಡರವರೆಗೆ ಕಾದು ಡೌನ್‌ಲೋಡ್ ಮಾಡುವ ಅಭ್ಯಾಸ ಹಲವರಿಗೆ ಹತ್ತಿತು, ನಿದ್ದೆ ಕೆಟ್ಟದ್ದು ಅಲ್ಲಿಂದಲೇ. ಬೆಳಗಿನ ಐದೂವರೆಯ ಪಾಳಿ ಹಾಕುವುದು ಇದೇ ಕಾರಣಕ್ಕೆ.

ಚಾರ್ಜಿಗೆ ಹಾಕಿಕೊಂಡೇ ತರಗತಿ ನೋಡಿದರೆ ಫೋನು ಕಾಯುತ್ತದೆ, ಪರದೆ ಮಂಕಾಗುತ್ತದೆ, ಆಮೇಲೆ ಆ್ಯಪ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಹಿಂಬದಿಯ ಕವರ್ ತೆಗೆದು, ಹಾಸಿಗೆಯ ಬದಲು ಮರದ ಮೇಜಿನ ಮೇಲೆ ನಿಲ್ಲಿಸಿದರೆ ತಡೆದುಕೊಳ್ಳುತ್ತದೆ. ಆಷಾಢದ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಎರಡು ದಿನಕ್ಕೂ ಬರದಿರಬಹುದು. ಕರೆಂಟು ಇದ್ದಾಗಲೇ ಪವರ್ ಬ್ಯಾಂಕ್ ತುಂಬಿಸಿಡದವರಿಗೆ ಬೇರೆ ದಾರಿಯಿರಲಿಲ್ಲ.

ನೋಟ್ಸಿನ ಫೋಟೊ ಕಳಿಸುವುದರಲ್ಲೂ ಒಂದು ತೊಡಕಿತ್ತು. ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸುತ್ತದೆ, ರಸಾಯನಶಾಸ್ತ್ರದ ಸಮೀಕರಣದಲ್ಲಿ ಕೆಳಗೆ ಬರೆದ ಸಣ್ಣ ಅಂಕಿ ಮಾಯವಾಗುತ್ತದೆ. ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗಾಗದು. ಕಿಟಕಿಯ ಬೆಳಕಿನಲ್ಲಿ, ಪುಸ್ತಕದ ನೇರ ಮೇಲಿಂದ, ಕೈಯ ನೆರಳು ಬೀಳದಂತೆ ತೆಗೆಯಬೇಕು. ಬಂದ ನೋಟ್ಸನ್ನು ಅದೇ ದಿನ ಕಾಗದಕ್ಕೆ ಇಳಿಸಿ, ಭಾನುವಾರ ಫೋನಿನಿಂದ ಅಳಿಸಬೇಕು. 16 ಜಿಬಿಯ ಫೋನು ಬೇಗ ತುಂಬಿ ತರಗತಿಯ ನಡುವೆಯೇ ಮೊರೆಯಿಡುತ್ತದೆ.

ಮನೆಯೊಳಗೆ ಸಿಗ್ನಲ್ಲೇ ಇಲ್ಲದ ಊರುಗಳ ಕಥೆ ಇನ್ನೂ ಕಷ್ಟದ್ದು. ಸುಳ್ಯ ತಾಲ್ಲೂಕಿನ ಗುತ್ತಿಗಾರು ಕಡೆ ರಸ್ತೆ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು 2021ರ ಜೂನ್‌ನಲ್ಲಿ ದೇಶವೆಲ್ಲ ನೋಡಿತು. ಅದನ್ನು ಹೊಗಳಿದವರೇ ಹೆಚ್ಚು. ನನಗಂತೂ ಅದು ಟವರಿಲ್ಲದ ಊರಿನ ದೂರಾಗಿಯೇ ಕಂಡಿತು. ಗುಡ್ಡದ ಮೇಲೆ ಪ್ಲಾಸ್ಟಿಕ್ ಹೊದೆಸಿ ಗುಡಿಸಲು ಕಟ್ಟಿಕೊಂಡವರು ಮೂರು-ನಾಲ್ಕು ಮನೆಯ ಮಕ್ಕಳನ್ನು ಒಟ್ಟಿಗೆ, ಜೊತೆಗೊಬ್ಬ ಹಿರಿಯರನ್ನು ಕಳಿಸುತ್ತಿದ್ದರು. ರಕ್ತ ಹೀರುವ ಉಂಬಳಕ್ಕೆ ಉಪ್ಪಿನ ಗಂಟು, ಕೂರಲು ಮಣೆ. ಗುಡುಗಿನ ಸದ್ದು ಕೇಳಿದರೆ ಪಾಠ ಎಷ್ಟೇ ಮುಖ್ಯವಿದ್ದರೂ ಕೆಳಗಿಳಿಯಲೇಬೇಕು. ಚಂದನ ವಾಹಿನಿಯ ‘ಸಂವೇದ’ ಪಾಠಗಳಿಗೆ ಟಿವಿ ಸಾಕಿತ್ತು, ಆದರೆ ಟಿವಿಗೆ ಕರೆಂಟು ಬೇಕಲ್ಲ.

ಇದರ ನಡುವೆ ತೋಟ ಕಾಯುವುದಿಲ್ಲ. ಮುಂಗಾರಿಗೆ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದರೆ 40-45 ದಿನಕ್ಕೆ ಎರಡನೆಯದು. ಅದು ಸರಿಯಾಗಿ ಪರೀಕ್ಷೆಯ ಹೊತ್ತಿಗೇ ಬಂತು. ಆಳು ಸಿಗದ ಆ ದಿನಗಳಲ್ಲಿ ಬೋರ್ಡೋ ಕಲಸುವ ಕೆಲಸ ಎಷ್ಟೋ ಮನೆಗಳಲ್ಲಿ ಹುಡುಗನ ಪಾಲಿಗೆ ಬಂತು. ಒಂದು ಕಿಲೊ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, 50 ಲೀಟರ್ ನೀರಿಗೆ, ಒಂದು ಕಿಲೊ ಸುಣ್ಣ ಇನ್ನೊಂದು 50 ಲೀಟರಿಗೆ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು, ತಿರುಗಾಮುರುಗ ಮಾಡಿದರೆ ದ್ರಾವಣ ಕೆಡುತ್ತದೆ. ಹೊಳೆಯುವ ಕತ್ತಿಯನ್ನು ಅದ್ದಿ ತೆಗೆದಾಗ ತುಕ್ಕಿನಂಥ ಕೆಂಪು ಹಿಡಿದರೆ ಸುಣ್ಣ ಸಾಲದು. ಕಬ್ಬಿಣ ತಾಮ್ರವನ್ನು ಹೊರಗಟ್ಟುವ ಈ ಸ್ಥಾನಪಲ್ಲಟ ಕ್ರಿಯೆ ಹತ್ತನೇ ತರಗತಿಯ ಪಾಠದಲ್ಲೇ ಇದೆ. ಅಪ್ಪ ಅದನ್ನು ತೋರಿಸಿಕೊಟ್ಟ ಮನೆಯಲ್ಲಿ ಆ ಪಾಠಕ್ಕೆ ಡೇಟಾ ಖರ್ಚಾಗಲಿಲ್ಲ. ಆದರೆ ಹುಡುಗನನ್ನು ಇಡೀ ದಿನ ಡ್ರಮ್ಮಿನ ಬಳಿ ನಿಲ್ಲಿಸಬಾರದು, ಬೆಳಗಿನ ಎರಡು ಗಂಟೆ ಸಾಕು.

ಹುಡುಗಿಯರ ಪಾಲು ಇದಕ್ಕಿಂತ ಭಾರವಾಗಿತ್ತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಎಲ್ಲರೂ ಮೂರು ಹೊತ್ತೂ ಮನೆಯಲ್ಲೇ ಇದ್ದರೆ ದೋಸೆ ಹಿಟ್ಟು, ಪಾತ್ರೆ, ಒಣಗದ ಬಟ್ಟೆ ಎಲ್ಲವೂ ಎರಡರಷ್ಟಾಗುತ್ತದೆ. “ಪರೀಕ್ಷೆ ರದ್ದಾಯ್ತಲ್ಲ, ಪುಟ್ಟಿ ಆರಾಮಾಗಿದ್ದಾಳೆ” ಎಂದು ಅಡುಗೆಮನೆಗೆ ಕರೆದರೆ ಸಿಇಟಿ ಓದು ಅಲ್ಲಿಗೆ ಮುಗಿಯಿತು. ಕೆಲಸವನ್ನು ಹೊತ್ತಿನ ಲೆಕ್ಕದಲ್ಲಿ ಇಬ್ಬರಿಗೂ ಸಮನಾಗಿ ಹಂಚಿದ ಮನೆಗಳಲ್ಲಿ ತಮ್ಮನೂ ದೋಸೆ ಹುಯ್ಯುವುದು ಕಲಿತ. ಇನ್ನು ಬಟ್ಟೆಯ ಮಾಸ್ಕು: ತಲೆಗೆ ಕನಿಷ್ಠ ಮೂರು ಇರಬೇಕಿತ್ತು. ಬಚ್ಚಲ ಒಲೆಯ ಮೇಲೆ ಒಣಗಿಸಿದರೆ ಹೊಗೆ ವಾಸನೆ ಹಿಡಿಯುತ್ತದೆ, ಪಕ್ಕದ ಹಗ್ಗಕ್ಕೆ ಹಾಕಿ ಕೊನೆಗೆ ಇಸ್ತ್ರಿ ಎಳೆಯುವುದೇ ವಾಸಿ.

ಜೂನ್ 21ರ ನಂತರದ ಎರಡು ವಾರ ಶುಕ್ರವಾರ ಸಂಜೆ ಏಳರಿಂದ ಸೋಮವಾರ ಬೆಳಗ್ಗೆ ಐದರವರೆಗೆ ವಾರಾಂತ್ಯ ಕರ್ಫ್ಯೂ. ಶುಕ್ರವಾರ ಪೇಟೆಗೆ ಹೋಗುವಾಗ ದಿನಸಿಯ ಚೀಟಿಯಲ್ಲೇ ಪೆನ್ನು, ಜೆರಾಕ್ಸು, ಸ್ಯಾನಿಟರಿ ಪ್ಯಾಡು, ರೀಚಾರ್ಜು ಬರೆದಿರಬೇಕಿತ್ತು. ಪ್ಯಾಡನ್ನು ಕೇಳಲು ಹುಡುಗಿಯರು ಸಂಕೋಚಪಡುತ್ತಾರೆ. ಅಮ್ಮನೇ ತಿಂಗಳ ಮೊದಲು ಎರಡು ಪ್ಯಾಕೆಟ್ ತರಿಸಿಟ್ಟರೆ ಆಯಿತು.

ನಿದ್ದೆಯ ವಿಷಯದಲ್ಲಿ ಹಿರಿಯರು ಸೋತದ್ದು ಹಠದಿಂದ. ಈ ವಯಸ್ಸಿನವರಿಗೆ ನಿದ್ದೆ ತಡವಾಗಿ ಬರುವುದು ದೇಹದ ಸ್ವಭಾವ. ಬೇಗ ಮಲಗು ಎಂದು ಗದರಿಸಿ ಪ್ರಯೋಜನವಿಲ್ಲ. ಏಳುವ ಹೊತ್ತನ್ನು ಗಟ್ಟಿ ಮಾಡಿದರೆ ಮಲಗುವ ಹೊತ್ತು ಒಂದೆರಡು ವಾರದಲ್ಲಿ ತಾನೇ ಹಿಂದೆ ಬರುತ್ತದೆ. ಅದನ್ನು ಹಾಳುಮಾಡುವುದು ಊಟದ ನಂತರ ಮಳೆಯ ಸದ್ದಿಗೆ ಹೊಡೆಯುವ ಎರಡು ಗಂಟೆಯ ನಿದ್ದೆ. ಅರ್ಧ ಗಂಟೆ, ಅದೂ ಮೂರರ ಒಳಗೆ ಆದರೆ ತೊಂದರೆಯಿಲ್ಲ. ಗೆಳೆಯರೊಡನೆ ಹರಟುವುದಕ್ಕೂ ಪಾಳಿಯಲ್ಲಿ ಅರ್ಧ ಗಂಟೆ ಬೇಕೇ ಬೇಕು, ಅದಕ್ಕಾಗಿ ಪಾಠದ ಹೊತ್ತನ್ನು ಕತ್ತರಿಸಬಾರದು. ಕೊಡದಿದ್ದರೆ ಮಗ ತರಗತಿಯ ಹೆಸರಿನಲ್ಲಿ ಚಾಟ್ ಮಾಡುತ್ತಾನೆ, ಆಮೇಲೆ ನಂಬಿಕೆಯೂ ಹೋಗುತ್ತದೆ.

ಫೋನಿನ ಒಡೆಯರಿಗೇ ಜ್ವರ ಬಂದಾಗ ಪಾಳಿ ಮುರಿಯುತ್ತಿತ್ತು. ಸೋಂಕಿತರು ಪ್ರತ್ಯೇಕ ಕೋಣೆಗೋ ಕೋವಿಡ್ ಕೇರ್ ಕೇಂದ್ರಕ್ಕೋ ಹೋಗುವಾಗ ಬಟನ್ ಫೋನು ಅವರೊಡನೆ, ಸ್ಮಾರ್ಟ್‌ಫೋನು ಮನೆಯಲ್ಲಿ. ಮೇಷ್ಟ್ರ ನಂಬರು ಮೊದಲೇ ಪುಸ್ತಕದಲ್ಲಿ ಬರೆದಿರಬೇಕು. ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಹಾಕುವ ಮುನ್ನ ಐದು ನಿಮಿಷ ಕೂತಿರಬೇಕು, ಬೆರಳು ಬೆಚ್ಚಗಿರಬೇಕು, ಉಗುರಿಗೆ ಬಣ್ಣವಿರಬಾರದು. ಮಲೆನಾಡಿನ ಥಂಡಿಯಲ್ಲಿ ತಣ್ಣನೆಯ ಬೆರಳು ಸುಳ್ಳೇ ಕಡಿಮೆ ತೋರಿಸಿ ಮನೆಮಂದಿಯನ್ನು ಹೆದರಿಸುತ್ತದೆ. ಬೆಚ್ಚಗೆ ಮಾಡಿ ನೋಡಿದರೂ 94ಕ್ಕಿಂತ ಕಡಿಮೆಯಿದ್ದರೆ ಡಾಕ್ಟರಿಗೆ ತಿಳಿಸಲೇಬೇಕು. ಅಂಕಿ ಬರೆದಿಡಲು ಮಕ್ಕಳು ನೆರವಾಗಲಿ, ಆದರೆ ಅಪ್ಪನ ಉಸಿರಿನ ಲೆಕ್ಕ ಕಾಯುವ ಹೊಣೆಯನ್ನು ಹದಿನಾರರ ಹುಡುಗನೊಬ್ಬನ ಹೆಗಲಿಗೆ ಹಾಕಬಾರದು.

ತಮ್ಮನ ಪರೀಕ್ಷೆಗೆ ಮುಂಚಿನ ಕೊನೆಯ ಎರಡು ವಾರ ಓಎಂಆರ್, ಅಂದರೆ ಉತ್ತರದ ವೃತ್ತವನ್ನು ಪೆನ್ನಿನಿಂದ ತುಂಬುವ ಹಾಳೆಯ ಅಭ್ಯಾಸಕ್ಕೆ ಮೀಸಲು. ಮೂರು ವಿಷಯ, ತಲಾ 40 ಪ್ರಶ್ನೆ, ಮೂರು ಗಂಟೆ, ಅಂದರೆ ಪ್ರಶ್ನೆಗೆ ಒಂದೂವರೆ ನಿಮಿಷ. ಜೆರಾಕ್ಸ್ ಸಿಗದಿದ್ದರೆ ಹಾಳೆಗೆ ಗೆರೆ ಹಾಕಿ ಸಾಲಿಗೆ ನಾಲ್ಕರಂತೆ ವೃತ್ತ ಬರೆದುಕೊಂಡರಾಯಿತು. ಮಕ್ಕಳು ಎಡವುವುದು ಒಂದೇ ಕಡೆ: ಗೊತ್ತಿಲ್ಲದ ಪ್ರಶ್ನೆಯನ್ನು ಬಿಡುತ್ತಾರೆ, ಹಾಳೆಯಲ್ಲಿ ಆ ಸಾಲನ್ನು ಬಿಡಲು ಮರೆಯುತ್ತಾರೆ, ಅಲ್ಲಿಂದ ಮುಂದಿನದೆಲ್ಲ ಒಂದು ಸಾಲು ಮೇಲಕ್ಕೆ ಸರಿಯುತ್ತದೆ. ಪ್ರತಿ ಹತ್ತು ಪ್ರಶ್ನೆಗೊಮ್ಮೆ ಸಂಖ್ಯೆ ತಾಳೆ ನೋಡುವುದನ್ನು ಮನೆಯಲ್ಲೇ ರೂಢಿ ಮಾಡಿಸಬೇಕು. ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸಲಾಗದು.

ಜುಲೈ 19ರ ಸೋಮವಾರ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ; ಗುರುವಾರ ಭಾಷೆಗಳು. ಕೋಣೆಗೆ 12 ಮಕ್ಕಳು. ನಡುವಿನ ಎರಡು ದಿನ ತಮ್ಮನಿಗೆ ಪಠ್ಯಪುಸ್ತಕವೇ ಸಾಕಿತ್ತು, ವ್ಯಾಕರಣ ಓದಲು ಇಂಟರ್‌ನೆಟ್ ಬೇಕಿರಲಿಲ್ಲ. ಗುರುವಾರ ಮಧ್ಯಾಹ್ನದಿಂದ ಹತ್ತು-ಹನ್ನೆರಡರ ಪಾಳಿಯೂ ಅಕ್ಕನದೇ. ಸಿಇಟಿಗೆ 37 ದಿನ ಉಳಿದಿತ್ತು.