ರೂತಳ ಉಡಿ

ಈ ಸಲ ಚರ್ಚಿನ ಸುಗ್ಗಿ ಹಬ್ಬದಲ್ಲಿ ಬೈಬಲಿನ ರೂತಳ ಬಗ್ಗೆ ಹತ್ತು ನಿಮಿಷ ಮಾತಾಡು ಅಂತ ಸ್ತ್ರೀಯರ ಸಂಘದವರು ನನಗೆ ಹೇಳಿದ್ದರು. ಮಾತಾಡಿ ಬಂದೆ. ಎಲ್ಲರೂ ಚೆನ್ನಾಗಿತ್ತು ಅಂದರು. ಆದರೆ ಮನೆಗೆ ಬಂದು ಅಕ್ಕಿ ತೊಳೆಯುವಾಗ ಅನ್ನಿಸಿತು, ನಿಜವಾಗಿ ಹೇಳಬೇಕಾದದ್ದು ಬಾಯಿಗೆ ಬರಲೇ ಇಲ್ಲ ಅಂತ. ಅದು ನನ್ನ ಅವ್ವನ ವಿಷಯ. ಹಬ್ಬಕ್ಕೆ ಅಂತ ಊರಿಂದ ಬಂದ ಅವ್ವ ಎರಡನೇ ಸಾಲಿನಲ್ಲಿ ನನ್ನ ಎದುರಿಗೇ ಕೂತಿದ್ದಳು. ಅದಕ್ಕೇ ಬರಲಿಲ್ಲ.

ಬಳ್ಳಾರಿಯ ನಮ್ಮ ಚರ್ಚಿನಲ್ಲಿ ಸುಗ್ಗಿ ಹಬ್ಬ ಅಂದರೆ ವೇದಿಕೆ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಭತ್ತದ ತೆನೆಯ ಗೊಂಚಲು, ಜೋಳದ ದಂಟು, ಕುಂಬಳಕಾಯಿ, ಒಣಮೆಣಸಿನಕಾಯಿ, ಕಾಲು ಕಟ್ಟಿದ ಕೋಳಿ. ಆರಾಧನೆ ಮುಗಿದ ಮೇಲೆ ಅವನ್ನು ಹರಾಜು ಕೂಗುತ್ತಾರೆ. ಹೊಲ ಇಲ್ಲದ ನಮ್ಮಂಥವರು ಅಂಗಡಿಯಿಂದ ಅಕ್ಕಿ ಕೊಂಡು ತಂದಿಡುತ್ತೇವೆ. ನಾನು ಚಿಕ್ಕವಳಿದ್ದಾಗ ಅವ್ವ ತಂದಿಡುತ್ತಿದ್ದದ್ದು ಕೊಂಡ ಅಕ್ಕಿಯಲ್ಲ. ಹಕ್ಕಲು ಆಯ್ದು ತಂದ ಭತ್ತ.

ಅವ್ವ ಸಿರುಗುಪ್ಪ ಕಡೆಯ ಹಳ್ಳಿಯವಳು. ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಅಲ್ಲಿ ಎಲ್ಲಿ ನೋಡಿದರೂ ಭತ್ತ. ನಮಗೆ ಮಾತ್ರ ಒಂದು ಗೇಣು ಗದ್ದೆ ಇರಲಿಲ್ಲ. ಅಪ್ಪ ತೀರಿಕೊಂಡಾಗ ಅವ್ವನಿಗೆ 31, ನನಗೆ 7, ತಮ್ಮ ಇನ್ನೂ ಕಂಕುಳ ಕೂಸು. ಕೂಲಿ ಸಿಕ್ಕ ದಿನ ಕೂಲಿ. ಕೊಯ್ಲು ಮುಗಿದ ಮೇಲೆ ಹಕ್ಕಲು. ಈಗಿನ ಮಕ್ಕಳಿಗೆ ಈ ಮಾತೇ ಗೊತ್ತಿಲ್ಲ. ಕೊಯ್ದು ಸಿವುಡು ಕಟ್ಟಿ ಹೊತ್ತುಕೊಂಡು ಹೋದ ಮೇಲೂ ಗದ್ದೆಯಲ್ಲಿ ಅಲ್ಲಲ್ಲಿ ತೆನೆ ಬಿದ್ದಿರುತ್ತದೆ. ಅದನ್ನು ಆಯ್ದುಕೊಳ್ಳುವುದು ಹಕ್ಕಲು. ಶೇಂಗಾ ಹೊಲದಲ್ಲಿ ಮಣ್ಣು ಕೆದಕಿ ಉಳಿದ ಕಾಯಿ ತೆಗೆಯುವುದೂ ಹಕ್ಕಲೇ. ಅವ್ವ ಸೆರಗನ್ನು ಸೊಂಟಕ್ಕೆ ಬಿಗಿದು ಉಡಿ ಮಾಡಿಕೊಳ್ಳುತ್ತಿದ್ದಳು. ಕೊಯ್ದ ಕೂಳೆ ಮೊಳೆಯ ಹಾಗೆ ನಿಂತಿರುತ್ತದೆ, ಹಿಮ್ಮಡಿಗೆ ಚುಚ್ಚುತ್ತದೆ. ಬಗ್ಗಿದವಳು ಏಳುತ್ತಿರಲಿಲ್ಲ. ಎದ್ದರೆ ಪಕ್ಕದವಳಿಗೆ ಹೋಗುತ್ತದೆ ಅನ್ನುತ್ತಿದ್ದಳು. ಸಂಜೆ ಉಡಿ ಬಿಚ್ಚಿದಾಗ ತೆನೆಯ ಜೊತೆ ಮಣ್ಣು, ಹುಲ್ಲು, ಒಂದೆರಡು ಹುಳ. ಮೊರದಲ್ಲಿ ಕೇರಿದರೆ ಒಂದು ಸೇರು, ಪುಣ್ಯ ಇದ್ದರೆ ಒಂದೂವರೆ.

ನಮ್ಮ ಕನ್ನಡ ಬೈಬಲಿನಲ್ಲಿ ರೂತಳು ಮಾಡುವುದೂ ಇದನ್ನೇ. "ಹಕ್ಕಲಾಯುವೆನು" ಅನ್ನುತ್ತಾಳೆ. ಆ ಮಾತನ್ನು ಓದಿದಾಗೆಲ್ಲ ನನಗೆ ಬೇತ್ಲೆಹೇಮ್ ದೂರ ಅನ್ನಿಸುವುದಿಲ್ಲ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ನಮ್ಮ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಆಮೇಲೆ ಎಷ್ಟೋ ಸಲ ತಿದ್ದಿ ಬರೆದಿದ್ದಾರೆ. ನಮ್ಮ ಹೊಲದ ಮಾತು ದೇವರ ವಾಕ್ಯದಲ್ಲಿ ಸೇರಿಕೊಂಡಿದೆ ಅನ್ನುವುದು ನನಗೆ ದೊಡ್ಡ ಸಮಾಧಾನ. ಹಕ್ಕಲು ಆಯುವವಳನ್ನು ಊರವರು ಕೀಳಾಗಿ ನೋಡಿದರೂ ಅವಳ ಕೆಲಸಕ್ಕೆ ಬೈಬಲಿನಲ್ಲಿ ಹೆಸರಿದೆಯಲ್ವಾ.

ರೂತಳ ಕಥೆ ಎಲ್ಲರಿಗೂ ಗೊತ್ತು. ಬರ ಬಿದ್ದು ಬೇತ್ಲೆಹೇಮಿನ ನೊವೊಮಿಯ ಕುಟುಂಬ ಮೋವಾಬ್ ದೇಶಕ್ಕೆ ಗುಳೆ ಹೋಗುತ್ತದೆ. ಗಂಡ ಸಾಯುತ್ತಾನೆ, ಇಬ್ಬರು ಗಂಡುಮಕ್ಕಳೂ ಸಾಯುತ್ತಾರೆ. ಹತ್ತು ವರ್ಷದ ಮೇಲೆ ಅತ್ತೆ ಊರಿಗೆ ವಾಪಸ್ಸು ಹೊರಟಾಗ ಮೋವಾಬಿನ ಸೊಸೆ ರೂತಳು ಬೆನ್ನು ಹತ್ತಿ ಬರುತ್ತಾಳೆ. "ನೀನು ಹೋದಲ್ಲಿಗೆ ನಾನೂ ಬರುವೆನು" ಅನ್ನುವ ಮಾತನ್ನು ಮದುವೆ ಕಾರ್ಡಿನಲ್ಲಿ ಹಾಕಿಸುತ್ತೇವೆ. ಅದು ಗಂಡ ಹೆಂಡತಿಯ ಮಾತಲ್ಲ, ಗಂಡ ಸತ್ತ ಸೊಸೆ ಗಂಡ ಸತ್ತ ಅತ್ತೆಗೆ ಹೇಳಿದ್ದು. ಊರ ಹೆಂಗಸರು ಮಾತಾಡಿಸಲು ಬಂದಾಗ ನೊವೊಮಿ ಹೇಳುತ್ತಾಳೆ: ತುಂಬಿದವಳಾಗಿ ಹೋದೆ, ದೇವರು ನನ್ನನ್ನು ಬರಿದು ಮಾಡಿ ಕರೆತಂದ. ಆಗ ರೂತಳು ಅವಳ ಪಕ್ಕದಲ್ಲೇ ನಿಂತಿದ್ದಾಳೆ. ಸೊಸೆ ಪಕ್ಕದಲ್ಲಿದ್ದರೂ ಅತ್ತೆಗೆ ಎಲ್ಲ ಬರಿದು. ಇದಕ್ಕೆ ನೊವೊಮಿಯನ್ನು ಬೈಯಲು ನನಗೆ ಮನಸ್ಸಿಲ್ಲ. ಅವ್ವನೂ ಎಷ್ಟೋ ರಾತ್ರಿ "ನನಗ್ಯಾರದಾರ" ಅಂತ ಅಳುತ್ತಿದ್ದಳು. ನಾನು ಅವಳ ಮಗ್ಗುಲಲ್ಲೇ ಮಲಗಿರುತ್ತಿದ್ದೆ. ದುಃಖ ಇದ್ದಾಗ ಪಕ್ಕದಲ್ಲಿರುವವರು ಕಾಣುವುದಿಲ್ಲ. ದೇವರು ಅದನ್ನು ತಪ್ಪು ಅಂತ ಎಣಿಸಲಿಲ್ಲ.

ರೂತಳು ಮಾತ್ರ ಬಂದ ಮೇಲೆ ಸುಮ್ನೆ ಕೂರಲಿಲ್ಲ. ಅದು ಜವೆಗೋದಿ ಸುಗ್ಗಿಯ ಶುರು. ಹೊಲಕ್ಕೆ ಹೋಗುತ್ತೇನೆ ಅಂತ ಅತ್ತೆಯನ್ನು ಕೇಳಿ ಹೊರಟಳು. ಅವಳಿಗೆ ಹಾಗೆ ಹೋಗುವ ಹಕ್ಕೇ ಇತ್ತು. ಮೂಲೆ ಮೂಲೆಯವರೆಗೆ ಕೊಯ್ಯಬಾರದು, ಬಿದ್ದದ್ದನ್ನು ಆಯಬಾರದು, ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಅಂತ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಬರೆದಿದೆ. ಮರೆತು ಬಂದ ಸಿವುಡಿಗೂ ವಾಪಸ್ಸು ಹೋಗಬಾರದು, ಅದು ಪರದೇಶಿಗೆ, ತಂದೆ ಇಲ್ಲದವನಿಗೆ, ವಿಧವೆಗೆ ಅಂತ ಧರ್ಮೋಪದೇಶಕಾಂಡದಲ್ಲಿದೆ. ಅವಳು ಹೋದ ಹೊಲದ ಯಜಮಾನ ಬೋವಜ ಅಷ್ಟಕ್ಕೇ ನಿಲ್ಲಲಿಲ್ಲ. ಆಳುಗಳನ್ನು ಕರೆದು, ಸಿವುಡಿನಿಂದ ಬೇಕಂತಲೇ ತೆನೆ ಎಳೆದು ಬೀಳಿಸಿ, ಅವಳನ್ನು ಗದರಿಸಬೇಡಿ ಅಂದ. ಅವಳ ಮೈ ಮುಟ್ಟಬಾರದು ಅಂತಲೂ ಹೇಳಿದ್ದ. ಹೊಲದ ಕೆಲಸಕ್ಕೆ ಹೋಗುವ ಹೆಂಗಸಿಗೆ ಈ ಎರಡನೇ ಮಾತು ಎಷ್ಟು ದೊಡ್ಡದು ಅಂತ ಹೋದವರಿಗೇ ಗೊತ್ತು. ಮತ್ತಾಯನು ಬರೆದ ಯೇಸುವಿನ ವಂಶಾವಳಿಯಲ್ಲಿ ಬೋವಜನ ತಾಯಿ ರಾಹಾಬಳು, ಯೆರಿಕೋವಿನವಳು. ಹೊರಗಿನಿಂದ ಬಂದ ಹೆಣ್ಣಿನ ಕಷ್ಟ ಅವನು ತಾಯಿಯ ಮುಖದಲ್ಲಿ ನೋಡಿ ಬೆಳೆದಿರಬೇಕು. ಇದು ನನ್ನ ಊಹೆ, ಆದರೂ ಬಿಡಲು ಮನಸ್ಸಾಗುವುದಿಲ್ಲ.

ಮಧ್ಯಾಹ್ನ ಬೋವಜ ಹುರಿದ ಕಾಳು ಕೊಡುತ್ತಾನೆ. ಅವಳು ತಿಂದು, ಮಿಕ್ಕದ್ದನ್ನು ಅತ್ತೆಗೆ ಅಂತ ತೆಗೆದಿಟ್ಟುಕೊಳ್ಳುತ್ತಾಳೆ. ಈ ಒಂದು ಸಾಲಿಗೆ ನನ್ನ ಕಣ್ಣು ತುಂಬುತ್ತದೆ. ಕೂಲಿಗೆ ಹೋದ ಕಡೆ ಚಹಾದ ಜೊತೆ ಕೊಟ್ಟ ಮಂಡಕ್ಕಿ ಮಿರ್ಚಿಯನ್ನು ಅವ್ವ ಕಾಗದದಲ್ಲಿ ಸುತ್ತಿ ಮನೆಗೆ ತರುತ್ತಿದ್ದಳು. ಮಿರ್ಚಿ ಮೆತ್ತಗಾಗಿ ಕಾಗದಕ್ಕೆ ಅಂಟಿರುತ್ತಿತ್ತು. ಅದರಷ್ಟು ರುಚಿ ನಾನು ಮತ್ತೆಲ್ಲೂ ಉಂಡಿಲ್ಲ.

ಸಂಜೆ ರೂತಳು ಬಡಿದು ಅಳೆದಾಗ ಒಂದು ಏಫಾ ಆಯಿತು. ಈಗಿನ ಲೆಕ್ಕದಲ್ಲಿ ಸುಮಾರು 22 ಲೀಟರ್. ಒಂದೇ ದಿನಕ್ಕೆ! ಅದನ್ನು ಓದಿ ಹೇಳಿದಾಗ ಅವ್ವ ನಂಬಲಿಲ್ಲ. "ಹಕ್ಕಲದಾಗ ಅಷ್ಟ್ ಬರಂಗಿಲ್ಲವಾ, ಯಾರೋ ಕೆಡವ್ಯಾರ" ಅಂದಳು. ಬೋವಜನ ಆಳುಗಳ ವಿಷಯ ನಾನಿನ್ನೂ ಹೇಳಿರಲಿಲ್ಲ.

ಈಗ ಉಡಿಯ ವಿಷಯಕ್ಕೆ ಬರುತ್ತೇನೆ. ಮೂರನೇ ಅಧ್ಯಾಯದಲ್ಲಿ ಬೋವಜ, ಹೊದ್ದಿರುವ ಬಟ್ಟೆ ಹಿಡಿ ಅಂತ ರೂತಳಿಗೆ ಹೇಳಿ ಅದರಲ್ಲಿ ಆರು ಅಳತೆ ಜವೆಗೋದಿ ಹಾಕುತ್ತಾನೆ. ಬರಿಗೈಯಲ್ಲಿ ಅತ್ತೆಯ ಹತ್ತಿರ ಹೋಗಬೇಡ ಅನ್ನುತ್ತಾನೆ. ನೊವೊಮಿ "ಬರಿದು" ಅಂದಿದ್ದಳಲ್ಲ, ಇಬ್ರಿಯ ಮೂಲದಲ್ಲಿ ಎರಡೂ ಕಡೆ ಒಂದೇ ಮಾತು ಇದೆ. ಅವಳ ಬರಿದಿಗೆ ದೇವರು ಕೊಟ್ಟ ಉತ್ತರ ಸೊಸೆಯ ಉಡಿಯಲ್ಲಿ ಬಂತು.

ನಮ್ಮ ಕಡೆ ಉಡಿ ತುಂಬುವುದು ಅಂದರೆ ಏನು ಅಂತ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಮದುವೆ, ಬಸುರಿಗೆ ಮಾಡುವ ಕುಬಸ, ತವರಿನಿಂದ ಹೊರಡುವ ಹೊತ್ತು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಖಣ. ಸೆರಗು ಹಿಡಿದು ನಿಂತವಳಿಗೆ ಐದು ಸಲ ಬೊಗಸೆಯಲ್ಲಿ ಹಾಕುತ್ತಾರೆ. ಆದರೆ ಗಂಡ ಇಲ್ಲದವಳಿಗೆ ಉಡಿ ತುಂಬುವುದಿಲ್ಲ. ನಾವು ಕ್ರೈಸ್ತರಾದರೂ ನಮ್ಮ ಮನೆತನದಲ್ಲಿ ಈ ಪದ್ಧತಿ ಹಾಗೇ ಉಳಿದಿತ್ತು. ಅರಿಶಿಣ ಕುಂಕುಮ ಬಿಟ್ಟೆವು, ಇದನ್ನು ಬಿಡಲಿಲ್ಲ. ನನ್ನ ಮದುವೆಯಲ್ಲಿ ನನಗೆ ಉಡಿ ತುಂಬುವಾಗ ಅವ್ವ ಅಡುಗೆ ಮನೆ ಬಾಗಿಲ ಹತ್ತಿರ ನಿಂತು ನೋಡಿದಳು. ವರ್ಷಗಟ್ಟಲೆ ಹಕ್ಕಲು ಹೊತ್ತ ಉಡಿ ಅವಳದು. ಆ ಉಡಿಯಿಂದಲೇ ನಾವು ಉಂಡೆವು. ಯಾರೂ ಅದಕ್ಕೆ ಒಂದು ಹಿಡಿ ಅಕ್ಕಿ ಹಾಕಲಿಲ್ಲ. ನಾನೂ ಹಾಕಲಿಲ್ಲ.

ರೂತಳು ವಿಧವೆ. ಮೇಲೆ ಮೋವಾಬಿನವಳು, ದೇವರ ಸಭೆಗೆ ಸೇರಬಾರದು ಅಂತ ಬರೆಸಿಕೊಂಡ ಜನಾಂಗದವಳು. ಅಂಥವಳ ಉಡಿಯನ್ನೇ ಆರು ಸಲ ಅಳೆದು ತುಂಬಿಸಿದ್ದು. ಬೋವಜ ಅವಳನ್ನು ಮದುವೆಯಾದ. ಆ ಮನೆತನದಲ್ಲಿ ದಾವೀದ ರಾಜ ಹುಟ್ಟಿದ, ಅದೇ ವಂಶದಲ್ಲಿ ಯೇಸು ಸ್ವಾಮಿ ಬಂದರು. ಇಷ್ಟು ಓದಿದ ಮೇಲೂ ನಮ್ಮ ಮನೆಯ ವಿಧವೆಯನ್ನು ಬಾಗಿಲ ಹತ್ತಿರ ನಿಲ್ಲಿಸಿದರೆ ನಾವು ಓದಿದ್ದಕ್ಕೆ ಏನು ಅರ್ಥ?

ಇನ್ನೊಬ್ಬಳಿದ್ದಾಳೆ, ರಿಚ್ಪ. ಅವಳ ಹೆಸರನ್ನು ಪ್ರಸಂಗದಲ್ಲಿ ನಾನು ಕೇಳಿದ್ದು ಬಹಳ ಕಡಿಮೆ. ಎರಡನೇ ಸಮುವೇಲ 21ನೇ ಅಧ್ಯಾಯ. ಅವಳ ಕಥೆಯೂ ಜವೆಗೋದಿ ಸುಗ್ಗಿಯ ಶುರುವಿನಲ್ಲೇ ನಡೆಯುತ್ತದೆ. ದೇಶಕ್ಕೆ ಮೂರು ವರ್ಷ ಬರ. ದಾವೀದನಿಗಿಂತ ಮುಂಚಿನ ರಾಜ ಸೌಲ ಮಾಡಿದ ತಪ್ಪಿಗೆ ಪರಿಹಾರ ಅಂತ ಅವನ ಮನೆತನದ ಏಳು ಜನರನ್ನು ಕೊಲ್ಲಲು ಒಪ್ಪಿಸುತ್ತಾರೆ. ಅದರಲ್ಲಿ ಇಬ್ಬರು ರಿಚ್ಪಳ ಮಕ್ಕಳು. ಹೆಣಗಳನ್ನು ಮಣ್ಣು ಮಾಡಲೂ ಬಿಡಲಿಲ್ಲ. ಅವಳು ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂತಳು. ಸುಗ್ಗಿ ಶುರುವಾದಾಗಿನಿಂದ ಮಳೆ ಬೀಳುವ ತನಕ. ಹಗಲು ಹದ್ದು ಕಾಗೆ ಓಡಿಸಿದಳು, ರಾತ್ರಿ ಕಾಡುಪ್ರಾಣಿ ಓಡಿಸಿದಳು. ಇಡೀ ಬೈಬಲಿನಲ್ಲಿ ಅವಳ ಬಾಯಿಂದ ಒಂದು ಮಾತೂ ಇಲ್ಲ. ಸುದ್ದಿ ದಾವೀದನಿಗೆ ಮುಟ್ಟಿತು. ಅವನು ಆ ಎಲುಬುಗಳನ್ನು ಕೂಡಿಸಿದ, ಸೌಲ ಮತ್ತು ಅವನ ಮಗ ಯೋನಾತಾನನ ಎಲುಬುಗಳನ್ನೂ ತರಿಸಿ ಮಣ್ಣು ಮಾಡಿಸಿದ. ಆಮೇಲೆ ದೇವರು ದೇಶದ ಮೊರೆ ಕೇಳಿದ ಅಂತ ಬರೆದಿದೆ. ಏಳು ಜನರನ್ನು ಕೊಂದಾಗ ಕೇಳಿದ ಅಂತ ಬರೆದಿಲ್ಲ. ಈ ತಾಯಿಗೆ ನ್ಯಾಯ ಸಿಕ್ಕ ಮೇಲೆ ಹಾಗೆ ಬರೆದಿದೆ.

2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕಿತ್ತುಹೋದಾಗ ನಾವೆಲ್ಲ ಎಷ್ಟು ಹೆದರಿದ್ದೆವು! ಬಳ್ಳಾರಿ, ರಾಯಚೂರು, ಕೊಪ್ಪಳ, ಎಲ್ಲರ ಅನ್ನ ಅದರಲ್ಲೇ ಇದೆ. ಚರ್ಚಿನಲ್ಲಿ ಪ್ರಾರ್ಥನೆ, ಗುಡಿಯಲ್ಲಿ ಪೂಜೆ, ಮಸೀದಿಯಲ್ಲಿ ದುವಾ. ನಾನೂ ಮೊಣಕಾಲೂರಿ ನೀರಿಗಾಗಿ ಬೇಡಿದೆ. ಆ ವಾರ ರಿಚ್ಪಳ ಅಧ್ಯಾಯ ತೆಗೆದು ಓದಿದೆ. ನೀರು ಬೇಡುವ ನನ್ನ ಮನೆಯ ಬಂಡೆಯ ಮೇಲೆ ಯಾರು ಕೂತಿದ್ದಾರೆ ಅಂತ ಯೋಚಿಸಿದೆ. ಬೇರೆ ಯಾರೂ ನೆನಪಾಗಲಿಲ್ಲ. ಅವ್ವನೇ ನೆನಪಾದಳು.

ಬೇಡುವುದು ತಪ್ಪಲ್ಲ. ಬೈಬಲಿನ ಹನ್ನಳೂ ಮಗುವಿಗಾಗಿ ಬೇಡಿದಳು, ಹರಕೆ ಹೊತ್ತಳು, ದೇವರು ಕೇಳಿದ. ಆದರೆ ಬೇಡುವವಳ ಕೈ ಅಳೆದು ಹಾಕುವ ಕೈಯೂ ಆಗಬೇಕು ಅಂತ ನನ್ನ ನಂಬಿಕೆ. ಹೊಸ ಒಡಂಬಡಿಕೆಯಲ್ಲಿ ಬರುವ ಯೊಪ್ಪ ಊರಿನ ದೊರ್ಕಳನ್ನು ನೋಡಿ. ಅವಳು ಸತ್ತಾಗ ವಿಧವೆಯರೆಲ್ಲ ಯೇಸುವಿನ ಶಿಷ್ಯ ಪೇತ್ರನ ಸುತ್ತ ನಿಂತು ಅಳುತ್ತಾ ಅವಳು ಹೊಲಿದುಕೊಟ್ಟ ಅಂಗಿಗಳನ್ನು ತೋರಿಸಿದರು. ಬೇರೆ ಸಾಕ್ಷಿ ಬೇಕಾಗಲಿಲ್ಲ. ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ತಂದು ಮನೆಯಲ್ಲಿ ಕೂತು ದಾರ ಕತ್ತರಿಸುವ ಹೆಂಗಸರು ಎಷ್ಟೊಂದು ಜನ ಇದ್ದಾರೆ. ನಾನೂ ಆರು ವರ್ಷ ಆ ಕೆಲಸ ಮಾಡಿದ್ದೇನೆ. ಸಂಜೆ ಹೊತ್ತಿಗೆ ಬೆರಳು ನೀಲಿ. ದೊರ್ಕಳ ಬೆರಳೂ ಹೀಗೇ ಸೂಜಿ ಚುಚ್ಚಿ ಗಟ್ಟಿಯಾಗಿತ್ತೇನೋ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ "ಶಿಷ್ಯಳು" ಅನ್ನುವ ಹೆಣ್ಣಿನ ರೂಪದ ಪದ ಬರುವುದು ಒಂದೇ ಸಲ, ಅದೂ ಇವಳಿಗೆ.

ಈಗ ಗದ್ದೆಗೆ ಕೊಯ್ಯುವ ಮಷಿನ್ ಬಂದಿದೆ. ನಾಲ್ಕು ದಿನದ ಕೆಲಸ ಒಂದೆರಡು ತಾಸಿನಲ್ಲಿ ಮುಗಿಯುತ್ತದೆ. ಹಕ್ಕಲಿಗೆ ಹೋಗುವವರೂ ಕಡಿಮೆ. ಆದರೆ ಮೂಲೆ ಬಿಡಬೇಕು ಅನ್ನುವ ಮಾತು ಗದ್ದೆಯ ಜೊತೆ ಹೋಗಿಬಿಡಲಿಲ್ಲ. ನಾನು ಈಗ ಮೂರು ಮಷಿನ್ ಇಟ್ಟು ಹೊಲಿಗೆ ಮಾಡಿಸುತ್ತೇನೆ. ಮಿಕ್ಕ ಬಟ್ಟೆಯ ತುಂಡನ್ನು ಕೆಲಸದ ಹುಡುಗಿಯರು ಒಯ್ದರೆ ಮೊದಲು ಗದರಿಸುತ್ತಿದ್ದೆ. ಈಗ ತುಂಡು ಸ್ವಲ್ಪ ದೊಡ್ಡದಾಗಿಯೇ ಉಳಿಯುವಂತೆ ಕತ್ತರಿಸುತ್ತೇನೆ. ಅವರಿಗೆ ಹೇಳುವುದಿಲ್ಲ. ಬೋವಜನ ಆಳುಗಳೂ ರೂತಳಿಗೆ ಹೇಳಿರಲಿಲ್ಲ.

ಸುಗ್ಗಿ ಹಬ್ಬ ಆಗಿ ಮೂರು ವಾರಕ್ಕೆ ನನ್ನ ಮಗಳ ಕುಬಸ ಇತ್ತು. ಸಭಾಪಾಲಕರು ಬಂದು ಪ್ರಾರ್ಥನೆ ಮಾಡಿ ಹೋದರು. ಹೆಂಗಸರು ಮಗಳಿಗೆ ಉಡಿ ತುಂಬಿದರು, ನನಗೂ ತುಂಬಿದರು. ಅವ್ವ ಎಂದಿನ ಹಾಗೆ ಅಡುಗೆ ಮನೆ ಬಾಗಿಲಲ್ಲಿದ್ದಳು. 68 ವರ್ಷ ಅವಳಿಗೆ. ನಾನು ಅಕ್ಕಿಯ ಪರಾತ ಎತ್ತಿಕೊಂಡು ಅಲ್ಲಿಗೇ ಹೋದೆ.

"ಸೆರಗು ಹಿಡಿಬೇ."

"ಬ್ಯಾಡವಾ. ಮಂದಿ ಏನಂತಾರ."

ಹಿಂದೆ ಯಾರೋ ಇದ್ಯಾವ ಪದ್ಧತಿ ಅಂದರು. ನಾನು ತಿರುಗಿ ನೋಡಲಿಲ್ಲ. ಮಗಳೇ ಎದ್ದು ಬಂದು ಅಜ್ಜಿಯ ಸೆರಗು ಬಿಡಿಸಿ ಅವಳ ಕೈಗೆ ಕೊಟ್ಟಳು. ಆ ಕೈಗೆ ಉಡಿ ಹಿಡಿಯುವುದು ಮರೆತಿರಲಿಲ್ಲ. ಹಕ್ಕಲು ಆಯುವಾಗ ಹಿಡಿಯುತ್ತಿದ್ದಳಲ್ಲ, ಹಾಗೇ ಬಿಗಿಯಾಗಿ ಹಿಡಿದಳು. ನಾನು ಒಂದೊಂದೇ ಬೊಗಸೆ ಹಾಕಿದೆ. ಅವ್ವ ಬಾಯೊಳಗೇ ಎಣಿಸುತ್ತಿದ್ದಳು.

"ಐದಾತಲ್ಲ, ಸಾಕು."

"ಇನ್ನೊಂದ್ ಐತಿ ಅವ್ವ."

ಸಂಜೆ ಊರಿಗೆ ಹೊರಟಾಗ, ಅಕ್ಕಿಯನ್ನು ಚೀಲಕ್ಕೆ ಹಾಕಿಕೊಡುತ್ತೇನೆ ಅಂದೆ. ಬೇಡ ಅಂದಳು. ಸೆರಗಿನ ಗಂಟು ಬಿಚ್ಚದೆ, ಎರಡೂ ಕೈಯಲ್ಲಿ ಹೊಟ್ಟೆಗೆ ಅವಚಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದಳು.