ಕೇಳೋದಾ, ಓದೋದಾ?
ಗೆಳತಿ ಮೆಸೇಜ್ ಹಾಕಿದ್ಲು: "ಆಡಿಯೋಬುಕ್ ಶುರು ಮಾಡೋಣ ಅಂತಿದೀನಿ, ಯಾವ ಕಾದಂಬರಿ ಕೇಳ್ಲಿ?"

ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಥರದ್ದು ಧಾರಾಳವಾಗಿ ಕೇಳು ಅಂದೆ. ಲಿಸ್ಬನ್, ಗೋವಾ, ವಿಜಯನಗರ, ನಡುವೆ ಸಮುದ್ರ. ಕಥೆನೇ ಕೈ ಹಿಡಿದು ಎಳ್ಕೊಂಡು ಹೋಗುತ್ತೆ. ಕುಕ್ಕರ್ ಕೂಗಿನಲ್ಲಿ ಎರಡು ವಾಕ್ಯ ತಪ್ಪಿದ್ರೂ ಕಥಾನಾಯಕ ಗೇಬ್ರಿಯಲ್ ಕಳೆದುಹೋಗಲ್ಲ. ಸ್ವಲ್ಪ ಉದ್ದ ಆಯ್ತು ಅನ್ನೋದು ನನ್ನ ತಕರಾರು, ಇರಲಿ.

ಆದ್ರೆ ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ (2021) ಮಾತ್ರ ಪುಸ್ತಕ ಹಿಡಿದೇ ಓದಬೇಕು. ಕಥೆ ಹೇಳೋ ವೆಂಕಟ್ ತನ್ನನ್ನ ತಾನು ಭಾರೀ ಉದಾರಿ ಅಂದ್ಕೊಂಡಿರೋ ಗಂಡ, ಅಪ್ಪ. ಹೆಂಡತಿ, ಮಗಳ ಬಗ್ಗೆ ಅವನು ಹೇಳಿದ್ದರಲ್ಲಿ ಎಷ್ಟನ್ನ ನಂಬೋದು ಅನ್ನೋದೇ ಗಮ್ಮತ್ತು. ‘ಹೌದೇನಪ್ಪಾ?’ ಅಂತ ತಡೆದು, ಹಿಂದಿನ ಪುಟಕ್ಕೆ ಹೋಗಿ ಬರ್ತಿರಬೇಕು. ಒಳ್ಳೆ ಕಂಠದವರು ಓದಿ ಹೇಳಿಬಿಟ್ರೆ ನಾವು ಅವನ ಪರವೇ ನಿಂತುಬಿಡ್ತೀವೇನೋ! ದನಿಗೆ ಅಂಥದ್ದೊಂದು ಮೋಸ ಇದೆ.

ಪತ್ತೇದಾರಿದು ಬೇರೆ ಲೆಕ್ಕ. ಕೊನೇ ಪುಟ ತೆಗೆದು ಕೊಲೆಗಾರ ಯಾರು ಅಂತ ಕದ್ದು ನೋಡೋರಿಗೆ (ನಮ್ಮನೇಲೊಬ್ರಿದ್ದಾರೆ) ಆಡಿಯೋನೇ ತಕ್ಕ ಶಿಕ್ಷೆ.